ಪಕ್ಕದ ಖಾಲಿ ಜಾಗಕ್ಕೆ ಅಪಾರ್ಟ್‌ಮೆಂಟ್ ಬಂದರೆ ಏನು ಕೇಳಬೇಕು, ಯಾರನ್ನು ಕೇಳಬೇಕು

ಹಾಸನದಲ್ಲಿ ಈಗ ಬಡಾವಣೆ ಸಂಘದ ಮೀಟಿಂಗ್ ಅಂದರೆ ಇದೇ ಜಗಳ. ಅಪಾರ್ಟ್‌ಮೆಂಟ್ ಬೇಡವೇ ಬೇಡ ಅಂತ ಒಂದು ಗುಂಪು, ನಮ್ಮ ಜಾಗ ನಮ್ಮಿಷ್ಟ ಅಂತ ಇನ್ನೊಂದು. ಬಾಡಿಗೆಗೆ ಇರುವವರನ್ನು ಯಾರೂ ಕರೆದಿರುವುದಿಲ್ಲ. ನಾನು ಬಿ.ಎಂ. ರಸ್ತೆಯ ಒಬ್ಬ ಎಂಜಿನಿಯರ್ ಹತ್ತಿರ ವರ್ಷಗಟ್ಟಲೆ ನಕ್ಷೆ ಬಿಡಿಸಿದವಳು. ಅಪಾರ್ಟ್‌ಮೆಂಟಿನ ನಕ್ಷೆಗಳೂ ಅದರಲ್ಲಿ ಇದ್ದವು. ಈಗ ಸಾಲಗಾಮೆ ರಸ್ತೆ ಕಡೆ ಮನೆಯಲ್ಲೇ ಇರುತ್ತೇನೆ, ತಕರಾರು ಅರ್ಜಿ ಬರೆಸಿಕೊಳ್ಳಲು ಅಕ್ಕಪಕ್ಕದವರು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಟ್ಟುತ್ತಿರುವುದು ಏನು ಅಂತ ತಿಳಿದುಕೊಳ್ಳಿ. "ಹತ್ತು ಮಹಡಿಯಂತೆ ಅಕ್ಕಾ" ಅಂತ ಓಡಿ ಬರುತ್ತಾರೆ. ನೋಡಿದರೆ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು. ಕರ್ನಾಟಕ ರೇರಾ, ಅಂದರೆ ಬಿಲ್ಡರ್‌ಗಳ ಯೋಜನೆ ನೋಂದಾಯಿಸುವ ರಿಯಲ್ ಎಸ್ಟೇಟ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಾಸನ ಜಿಲ್ಲೆ ಆರಿಸಿ ಹುಡುಕಿ. ಯೋಜನೆ ನೋಂದಣಿ ಆಗಿದ್ದರೆ ಮಂಜೂರಾದ ನಕ್ಷೆ, ಮನೆಗಳ ಸಂಖ್ಯೆ, ಮುಗಿಸುವ ತಾರೀಖು ಎಲ್ಲ ಅಲ್ಲೇ ಇರುತ್ತದೆ. ಯಾರನ್ನೂ ಬೇಡಿಕೊಳ್ಳಬೇಕಿಲ್ಲ. ಆದರೆ ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಮನೆಗಳು ಎಂಟು ದಾಟದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಅಂದರೆ 30x40 ಅಡಿಯ ಸೈಟು ಹೆಚ್ಚುಕಮ್ಮಿ ನಾಲ್ಕೂವರೆ. ನಮ್ಮ ಕಡೆ ಎರಡು ಸೈಟು ಸೇರಿಸಿ ಎಂಟು ಮನೆ ಕಟ್ಟುವವರು ಇದರಿಂದ ಹೊರಗೇ ಉಳಿಯುತ್ತಾರೆ.

ಅಂಥವಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಇಡೀ ಬಡಾವಣೆಯ ಸಂಕಟ ಅದರಲ್ಲಿ ತುಂಬಬೇಡಿ. ಸರ್ವೆ ನಂಬರ್ ಅಥವಾ ಸೈಟ್ ನಂಬರ್ ಬರೆದು, ಕಟ್ಟಡದ ಲೈಸೆನ್ಸ್ ಮತ್ತು ಮಂಜೂರಾದ ನಕ್ಷೆಯ ಪ್ರತಿ ಕೊಡಿ ಅಂತ ಕೇಳಿ, ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಭೂಪರಿವರ್ತನೆ ಆದೇಶ, ಅಂದರೆ ಹೊಲವನ್ನು ಬೇರೆ ಬಳಕೆಗೆ ಬದಲಿಸಲು ಕೊಟ್ಟ ಆದೇಶ ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ.

ಇನ್ನು ಯಾರ ಹತ್ತಿರ ಹೋಗಬೇಕು ಅನ್ನುವುದು. ಆ ಜಾಗ ಯಾವ ಬಳಕೆಗೆ ಅಂತ ಮಾಸ್ಟರ್ ಪ್ಲಾನ್‌ನಲ್ಲಿ ಗುರುತಿಸುವುದು ಹುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ. ನಗರದೊಳಗೆ ಕಟ್ಟಡಕ್ಕೆ ಲೈಸೆನ್ಸ್ ಕೊಡುವುದು ನಾವು ಹಳೇ ಅಭ್ಯಾಸಕ್ಕೆ ಇನ್ನೂ ಮುನಿಸಿಪಾಲಿಟಿ ಅನ್ನುವ ಆಫೀಸು. ಬಹಳ ಜನ ಎರಡನ್ನೂ ಬಿಟ್ಟು ನೇರ ಡಿ.ಸಿ. ಆಫೀಸಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋ ಚೆನ್ನಾಗೇ ಬರುತ್ತದೆ ಬಿಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಗರ ಯೋಜನೆಯ 1961ರ ಕಾಯ್ದೆಯಲ್ಲಿ ನಮ್ಮಂಥವರ ಮಾತಿಗೆ ಮುಖ್ಯವಾಗಿ ಜಾಗ ಇರುವುದು ಎರಡು ಕಡೆ. ಮಾಸ್ಟರ್ ಪ್ಲಾನ್‌ನ ಕರಡು ಹೊರಬಂದಾಗ ಸಲಹೆ, ಆಕ್ಷೇಪಣೆಗೆ 60 ದಿನ. ಆಮೇಲೆ, ಯಾವುದೋ ಒಂದು ಜಾಗದ ಬಳಕೆ ಬದಲಾಯಿಸುವಾಗ. ಆಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆ ಕರೆಯಬೇಕು. ಇದು 14-ಎ ಕಲಮು. ಆ ಪ್ರಕಟಣೆ ಪೇಪರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ನೋಡುವ ಕೆಲಸ ಸಂಘದಲ್ಲಿ ಒಬ್ಬರಿಗೆ ವಹಿಸಿ. ಬೆಳಗ್ಗೆ ಪೇಪರ್ ಹಿಡಿದು ಕೂರುವ ರಿಟೈರ್ಡ್ ಮೇಷ್ಟ್ರು ಎಲ್ಲ ಬಡಾವಣೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ ಅಲ್ವಾ?

ಆದರೆ ಜಾಗ ಮೊದಲೇ ವಸತಿ ವಲಯದಲ್ಲಿದ್ದು, ನಕ್ಷೆ ನಿಯಮದ ಪ್ರಕಾರ ಇದ್ದರೆ, ಅಕ್ಕಪಕ್ಕದವರ ಒಪ್ಪಿಗೆ ಯಾರೂ ಕೇಳುವುದಿಲ್ಲ. ನೂರು ಸಹಿ ಹಾಕಿದರೂ ಅಷ್ಟೇ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಅಳತೆ ಟೇಪು.

ಅಳೆಯಬೇಕಾದ್ದು ರಸ್ತೆ. ಎಫ್‌ಎಆರ್ ಅಂದರೆ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ. 1,200 ಚದರಡಿ ಸೈಟಿಗೆ 1.75 ಇದ್ದರೆ ಎಲ್ಲ ಮಹಡಿ ಸೇರಿ 2,100 ಚದರಡಿ. ಮುಂದಿನ ರಸ್ತೆ ಅಗಲವಾದಷ್ಟೂ ಈ ಅಂಕಿ ಏರುತ್ತದೆ. ಅದಕ್ಕೇ ನಕ್ಷೆಯಲ್ಲಿ ರಸ್ತೆಯನ್ನು ದಪ್ಪ ಮಾಡುವ ಚಾಳಿ ಹುಟ್ಟಿಕೊಂಡಿರುವುದು. ನೀವು ಡಾಂಬರು ಅಳೆಯಬೇಡಿ. ಚರಂಡಿ, ಫುಟ್‌ಪಾತ್ ಸೇರಿಸಿ ಈ ಕಡೆ ಕಾಂಪೌಂಡಿನಿಂದ ಆ ಕಡೆ ಕಾಂಪೌಂಡಿಗೆ, ಮೂರ್ನಾಲ್ಕು ಕಡೆ ಅಳೆಯಿರಿ. ನಕ್ಷೆಯಲ್ಲಿ 40 ಅಡಿ ಬರೆದು ನೆಲದ ಮೇಲೆ 30 ಅಡಿ ಇದ್ದರೆ, ಅದಕ್ಕಿಂತ ಗಟ್ಟಿ ಆಕ್ಷೇಪಣೆ ಬೇರೆ ಬೇಡ. ಆಮೇಲೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಪಾರ್ಕಿಂಗ್ ನೋಡಿ.

ನೀರಿನ ಲೆಕ್ಕವನ್ನೂ ಅರ್ಜಿಗೆ ಸೇರಿಸಿ. ಒಳಚರಂಡಿ ಇರುವ ಊರಿಗೆ ಸರ್ಕಾರಿ ಕೈಪಿಡಿಯ ಅಳತೆ ತಲೆಗೆ ದಿನಕ್ಕೆ 135 ಲೀಟರ್. 24 ಮನೆ, ಮನೆಗೆ ಐದು ಜನ ಅಂದರೆ 16,200 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಾ ಹತ್ತಿರ ಹತ್ತಿರ ಮೂರು. ಅದೇ ಜಾಗದಲ್ಲಿ ಹತ್ತು ಸಂಸಾರ ಇದ್ದಿದ್ದರೆ 6,750. ಈ ನೀರು ಗೊರೂರಿನಿಂದ ಬರುವ ಹೇಮಾವತಿ ಲೈನಿನದಾ, ಕೊರೆದ ಬೋರಿನದಾ? ಕೊಳಚೆ ಯಾವ ಪೈಪಿಗೆ ಸೇರುತ್ತದೆ, ಆ ಪೈಪು ಎಷ್ಟು ಇಂಚು? ಹೀಗೆ ಕೇಳಿದರೆ ಕಡತದಲ್ಲಿ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ.

"ಹೊರಗಿನವರು ಬರುತ್ತಾರೆ", "ಬ್ಯಾಚುಲರ್‌ಗಳು ತುಂಬಿಕೊಳ್ಳುತ್ತಾರೆ", "ವಾತಾವರಣ ಕೆಡುತ್ತದೆ" ಅಂತ ಬರೆಯಬೇಡಿ. ಅಧಿಕಾರಿ ಅದಕ್ಕೆ ಏನೂ ಮಾಡಲಾರರು. ನನಗೂ ಅದನ್ನು ಬರೆದುಕೊಡಲು ಮನಸ್ಸಿಲ್ಲ. ಮೆಡಿಕಲ್ ಕಾಲೇಜಿನ ನರ್ಸು, ಎಂಜಿನಿಯರಿಂಗ್ ಕಾಲೇಜಿನ ಹೊಸ ಲೆಕ್ಚರರ್ ಇವರೆಲ್ಲ ಎಲ್ಲಿರಬೇಕು? ಸೈಟು ಕೊಂಡು ಮನೆ ಕಟ್ಟುವುದು ಅವರ ಸಂಬಳಕ್ಕೆ ಆಗುವ ಮಾತಲ್ಲ. ಊರು ಮೇಲಕ್ಕೆ ಏರದಿದ್ದರೆ ಅಗಲಕ್ಕೆ ಹೋಗುತ್ತದೆ. ಹಾಗೆ ಹೋದರೆ ಆಲೂಗಡ್ಡೆ, ರಾಗಿ ಬೆಳೆಯುವ ಹೊಲಕ್ಕೆ ಕಲ್ಲು ನೆಡುತ್ತಾರೆ. ದೊಡ್ಡ ರಸ್ತೆಯ ಮೇಲೆ ನಾಲ್ಕು ಮಹಡಿ ನನಗೆ ಒಪ್ಪಿಗೆ, 20 ಅಡಿ ಅಡ್ಡರಸ್ತೆಯಲ್ಲಿ ಒಪ್ಪಿಗೆಯಿಲ್ಲ. ನಮ್ಮ ಅರ್ಜಿಗೆ ಮೊದಲ ಸಹಿ ಹಾಕಿದವರೊಬ್ಬರು ಸುತ್ತ ಒಂದಡಿ ಜಾಗ ಬಿಡದೆ ಮೂರು ಮಹಡಿ ಎತ್ತಿ, ಮೇಲೆ ಪಿ.ಜಿ. ನಡೆಸುತ್ತಿದ್ದಾರೆ. ಅಂಥವರ ಸಹಿ ಕೆಳಗೆಲ್ಲೋ ಇರಲಿ. ಬಿಲ್ಡರ್ ಮೊದಲು ಬೆರಳು ತೋರಿಸುವುದೇ ಆ ಮನೆಗೆ.

ಅರ್ಜಿಯನ್ನು ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು ಇನ್‌ವರ್ಡ್ ಸೀಲ್, ನಂಬರ್ ಹಾಕಿಸಿಕೊಳ್ಳಿ. ಸುಮ್ನೆ ಕೈಗೆ ಕೊಟ್ಟು ಬಂದರೆ ನೀವು ಕೊಟ್ಟಿದ್ದಕ್ಕೆ ದಾಖಲೆಯೇ ಇರುವುದಿಲ್ಲ. ಜೊತೆಗೆ ಬಿಲ್ಡರ್‌ನನ್ನೂ ಒಮ್ಮೆ ಕರೆದು ಕೂರಿಸಿ. ಲಾರಿ ಬರುವ ಹೊತ್ತು, ಹಸಿ ಕಸ, ಕಿತ್ತ ರಸ್ತೆಯ ರಿಪೇರಿ ಇಂಥವು ಮಾತಿನಲ್ಲೇ ಮುಗಿಯುತ್ತವೆ. ಒಪ್ಪಿದ್ದನ್ನು ಮಾತ್ರ ಬರೆಸಿ ಸಹಿ ಹಾಕಿಸಿಕೊಳ್ಳಿ.

ಕಟ್ಟಡ ಎದ್ದ ಮೇಲೂ ದಾರಿ ಮುಚ್ಚಿರುವುದಿಲ್ಲ. ಸ್ವಾಧೀನಾನುಭವ ಪ್ರಮಾಣಪತ್ರ (ಓ.ಸಿ., ಅಂದರೆ ಕಟ್ಟಡದಲ್ಲಿ ವಾಸಕ್ಕೆ ಹೋಗಬಹುದು ಅನ್ನುವ ಪತ್ರ) ಇಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ಕರೆಂಟು ಕಂಪನಿ ಸೆಸ್ಕ್‌ನ ಮೀಟರ್ ಕೂರುವ ಮೊದಲೇ ನಿಮ್ಮ ದೂರು ಕಡತದಲ್ಲಿ ಇರಬೇಕು. ಬಹಳ ಕಡೆ ಆಗುವ ತಪ್ಪು ಕೆಳಗಿನ ಪಾರ್ಕಿಂಗಿನದು. ನಕ್ಷೆಯಲ್ಲಿ ಕಂಬ ಮಾತ್ರ, ಮುಗಿಯುವ ಹೊತ್ತಿಗೆ ಕಂಬಗಳ ನಡುವೆ ಗೋಡೆ, ಶಟರು, ಅಂಗಡಿ. ಕಾರುಗಳೆಲ್ಲ ನಿಮ್ಮ ಗೇಟಿನ ಮುಂದೆ. ಮೊದಲ ಸಾಲು ಇಟ್ಟಿಗೆ ಕಂಡ ದಿನವೇ ತಾರೀಖು ಬೀಳುವ ಹಾಗೆ ಫೋಟೋ ತೆಗೆದು, ಮಂಜೂರಾದ ನಕ್ಷೆಯ ಪ್ರತಿ ಲಗತ್ತಿಸಿ ದೂರು ಕೊಡಿ. ಶಟರ್ ಏರಿ ಬಾಡಿಗೆದಾರ ಬಂದು ಕೂತ ಮೇಲೆ ಬಿಡಿಸುವುದು ಕಷ್ಟ.