ಹಳೇ ಕಾಮಿಕ್ಸ್ ಕೊಳ್ಳುವಾಗ ನಾನು ಹಿಂಬದಿಯಿಂದ ಶುರುಮಾಡುತ್ತೇನೆ

ಹಳೇ ಕಾಮಿಕ್ಸ್ ಕೈಗೆ ಬಂದರೆ ಮುಖಪುಟ ನೋಡಿ ಮರುಳಾಗುವುದು ಸಹಜ. ನಾನು ಮಾತ್ರ ಮೊದಲು ಅದನ್ನು ಬೋರಲು ಹಾಕುತ್ತೇನೆ. ಹಿಂದಿನ ಪುಟ, ಅದರ ಒಳಮೈ, ಕೆಳಗೆ ಸಣ್ಣಕ್ಷರದಲ್ಲಿರುವ ಪ್ರಕಾಶಕರ ಸಾಲು ಓದುತ್ತೇನೆ. ಅಲ್ಲಿಯವರೆಗೆ ರೇಟು ಎಷ್ಟು ಅಂತ ಕೇಳುವುದೇ ಇಲ್ಲ. ಯಾಕೆಂದರೆ ನಮ್ಮ ದೇಶದ ಕಾಮಿಕ್ಸ್‌ನಲ್ಲಿ, ಅದರಲ್ಲೂ ಅಮರ ಚಿತ್ರಕಥೆಯಲ್ಲಿ, ಒಂದೇ ಮುಖಪುಟ ವರ್ಷಗಟ್ಟಲೆ ಮರುಮುದ್ರಣ ಆಗಿದೆ. ಅದೇ ಚಿತ್ರ, ಅದೇ ಹೆಸರು. ವಯಸ್ಸು ಮಾತ್ರ ಬೇರೆ. ಅದು ಗೊತ್ತಾಗುವುದು ಹಿಂಬದಿಯಲ್ಲಿ.

ಅಮರ ಚಿತ್ರಕಥೆಯ 'ಕೃಷ್ಣ'ವನ್ನೇ ತಗೊಳ್ಳಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಇಂಡಿಯಾ ಬುಕ್ ಹೌಸ್ ಪ್ರಕಾಶನದ ಜೊತೆ ಸೇರಿ ತಂದ ಇಂಗ್ಲಿಷ್ ಮಾಲಿಕೆಯಲ್ಲಿ ಇದೇ ಮೊದಲನೆಯದು. ಆದರೆ ಅದರ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಹೋದವು ಅಂತೀರಾ? ಅವು ಕನ್ನಡದವು! ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರ ಹೊತ್ತಿಗೇ ಸಿಂಡ್ರೆಲಾ ಥರದ ಪಾಶ್ಚಾತ್ಯ ಕಥೆಗಳನ್ನು ಕನ್ನಡದ ಚಿತ್ರಕಥೆಗಳಾಗಿ ತಂದಿದ್ದರು. ಸಂಗ್ರಹಕಾರರಲ್ಲೂ ಈ ವಿಷಯ ಗೊತ್ತಿಲ್ಲದವರು ಜಾಸ್ತಿ. ಆ ಹತ್ತರಲ್ಲಿ ಒಂದನ್ನು ಯಾರಾದರೂ ಪೂರ್ತಿ ಪುಟಗಳ ಸಮೇತ ತಂದುಕೊಟ್ಟರೆ ನಾನಂತೂ ಚೌಕಾಸಿ ಮಾಡುವವನಲ್ಲ.

ಇನ್ನು 'ಕೃಷ್ಣ' ಮೊದಲ ಮುದ್ರಣದ್ದೋ ಆಮೇಲಿನದ್ದೋ ಅಂತ ತಿಳಿಯುವುದು ಹೇಗೆ? ಸಂಖ್ಯೆ 501 ಅಂತಿದ್ದರೆ ಮಾತೇ ಮುಗಿಯಿತು. ಅದು ದಪ್ಪ ರಕ್ಷಾಪುಟದ ಡಿಲಕ್ಸ್ ಆವೃತ್ತಿ, ಬಹಳ ಆಮೇಲಿನದು. ಹಳೇ 11ನೇ ಸಂಖ್ಯೆಯೇ ಇದ್ದರೆ ಹಿಂಬದಿಯ 'ಈವರೆಗೆ ಪ್ರಕಟವಾದವು' ಪಟ್ಟಿ ನೋಡುತ್ತೇನೆ. ಆ ಪಟ್ಟಿಯ ಕೊನೆಯ ಸಂಖ್ಯೆ ನೂರು ದಾಟಿದ್ದರೆ, ನೂರು ಪುಸ್ತಕ ಬಂದ ಮೇಲೆ ಅಚ್ಚಾದ ಪ್ರತಿ ಅದು. ಮುಖಪುಟದಲ್ಲಿ ಏನೇ ಬರೆದಿರಲಿ, ಮಾರುವವನು ಏನೇ ಆಣೆ ಹಾಕಲಿ. ಆಮೇಲೆ ಬಣ್ಣ. ಶುರುವಿನ ಕೆಲವು ಪುಸ್ತಕಗಳಿಗೆ ಪೂರ್ತಿ ಬಣ್ಣ ಹಾಕುವಷ್ಟು ದುಡ್ಡಿರಲಿಲ್ಲ. ಹಳದಿ, ನೀಲಿ, ಹಸಿರಿನಲ್ಲೇ ಚಿತ್ರಗಳನ್ನು ಅಚ್ಚು ಹಾಕಿದ್ದರು. ಒಳಗೆ ಕೆಂಪು, ಕಿತ್ತಳೆ ಎಲ್ಲಾ ಧಾರಾಳವಾಗಿ ಹೊಳೆಯುತ್ತಿದ್ದರೆ ಅದು ಆಮೇಲಿನ ಮುದ್ರಣ.

ವಿಳಾಸದ ಸಾಲೂ ಮಾತಾಡುತ್ತದೆ. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಪ್ರಕಾಶಕರ ಬಾಂಬೆ ವಿಳಾಸದಲ್ಲಿ 400ರಿಂದ ಶುರುವಾಗುವ ಆರಂಕಿ ಇದ್ದರೆ ಆ ಪ್ರತಿ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಹಾಗಂತ ಪಿನ್‌ಕೋಡ್ ಇಲ್ಲದ್ದೆಲ್ಲ ಹಳೆಯದು ಅಂತಲೂ ಅಲ್ಲ, ಸುಮ್ನೆ ಹಾಕದೆ ಬಿಟ್ಟಿರಬಹುದು. ಬಾಂಬೆ ಬದಲು ಮುಂಬೈ ಅಂತಿದ್ದರೆ 1995ರ ಆಚೆಗಿನದು ಅಂತ ಇಟ್ಟುಕೊಳ್ಳುತ್ತೇನೆ. ಜಾಹೀರಾತುಗಳನ್ನೂ ಬಿಡುವುದಿಲ್ಲ. ಟೂತ್‌ಪೇಸ್ಟ್, ಬಿಸ್ಕತ್ತಿನ ಜಾಹೀರಾತಿನಲ್ಲಿ ಬೆಲೆಯೋ ಸ್ಪರ್ಧೆಯ ಕೊನೆಯ ದಿನಾಂಕವೋ ಸಿಕ್ಕಿಬಿಟ್ಟರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಂದ್ರಜಾಲ ಕಾಮಿಕ್ಸ್ ವಿಷಯ ಬೇರೆ. ಅದು ಟೈಮ್ಸ್ ಆಫ್ ಇಂಡಿಯಾ ಬಳಗದ್ದು. 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಅದು ನಿಯತಕಾಲಿಕದ ಹಾಗೆ ಬಂದು ಹೋಗುತ್ತಿದ್ದದ್ದು, ಹಾಗಾಗಿ ಮರುಮುದ್ರಣದ ಗೊಂದಲ ಕಮ್ಮಿ. ಇಲ್ಲಿ ನೋಡಬೇಕಾದ್ದು ಸಂಖ್ಯೆ. ಮೊದಲ ಸಂಚಿಕೆ ಅಮೆರಿಕದ ಕಾಮಿಕ್ಸ್ ನಾಯಕ ಫ್ಯಾಂಟಮ್‌ನ ಬೆಲ್ಟಿನ ಕಥೆ, ಬೆಲೆ 60 ಪೈಸೆ. ಮೊದಲ ಮೂವತ್ತು ಚಿಲ್ಲರೆ ಸಂಚಿಕೆಗಳಲ್ಲಿ ಫ್ಯಾಂಟಮ್‌ನದ್ದೇ ಕಾರುಬಾರು. ಆಮೇಲೆ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಎಲ್ಲ ಬಂದರು. ಆಬಿದ್ ಸೂರ್ತಿ ಸೃಷ್ಟಿಸಿದ ನಮ್ಮದೇ ನಾಯಕ ಬಹಾದೂರ್ ಬಂದದ್ದು 1976ರಲ್ಲಿ. 443ನೇ ಸಂಖ್ಯೆಯವರೆಗೆ ನೇರ ಎಣಿಕೆ. ಅಲ್ಲಿಂದ ಮುಂದೆ ಸಂಪುಟ 20, ಸಂಚಿಕೆ 1 ಅಂತ ಶುರು. ಇದು ಗೊತ್ತಿಲ್ಲದೆ ಸಂಪುಟ 20ರ ಮೊದಲ ಸಂಚಿಕೆಯನ್ನು 'ನಂಬರ್ ಒನ್' ಅಂತ ಮಾರಲು ಬರುವವರಿದ್ದಾರೆ. ಇನ್ನೊಂದು ತಮಾಷೆ. 123 ಮತ್ತು 124ನೇ ಸಂಖ್ಯೆಗಳು ಅಚ್ಚೇ ಆಗಲಿಲ್ಲ. ಪೂರ್ತಿ ಸೆಟ್ ಇದೆ ಅನ್ನುವವರನ್ನು ನಾನು ಮೊದಲು ಕೇಳುವುದು ಈ ಎರಡರ ಬಗ್ಗೆ. ಅವೂ ಇವೆ ಅಂದರೆ ನಮಸ್ಕಾರ ಹೇಳಿ ಫೋನ್ ಇಟ್ಟುಬಿಡುತ್ತೇನೆ.

ಇಂದ್ರಜಾಲ ಕನ್ನಡದಲ್ಲೂ ಬರುತ್ತಿತ್ತು. ನನ್ನ ಅನುಭವದಲ್ಲಿ ಇಂಗ್ಲಿಷ್ ಪ್ರತಿ ಹತ್ತು ಸಿಕ್ಕುವ ಜಾಗದಲ್ಲಿ ಕನ್ನಡದ್ದು ಒಂದು ಸಿಕ್ಕರೆ ಪುಣ್ಯ. ಇಂಗ್ಲಿಷ್ ಪುಸ್ತಕವನ್ನು ಮನೆಗಳಲ್ಲಿ ಎತ್ತಿಟ್ಟರು. ಕನ್ನಡದ್ದನ್ನು ಓಣಿಯ ಮಕ್ಕಳೆಲ್ಲ ಓದಿ, ಅಜ್ಜಿಯ ಊರಿಗೂ ಒಯ್ದು, ಕೊನೆಗೆ ತೂಕಕ್ಕೆ ಹಾಕಿದರು. ಆದ್ದರಿಂದ ಕನ್ನಡ ಪ್ರತಿ ಕಂಡಾಗ ಸ್ಥಿತಿಯ ವಿಷಯದಲ್ಲಿ ನಾನು ಸ್ವಲ್ಪ ಉದಾರಿ. ಕೊಳ್ಳುವುದರಲ್ಲಿ ಮಾತ್ರ. ದರ್ಜೆ, ಅಂದರೆ ಸ್ಥಿತಿಗೆ ಕೊಡುವ ಅಂಕ, ಬರೆಯುವಾಗ ಅಲ್ಲ.

ಎಲ್ಲಿ ಕೊಳ್ಳುತ್ತೇನೆ ಅಂತ ಕೇಳುತ್ತಾರೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರ ಈಗ ಪಠ್ಯಪುಸ್ತಕ, ಗೈಡುಗಳೇ ಜಾಸ್ತಿ. ಆದರೂ ಹೇಳಿಟ್ಟರೆ ತೆಗೆದಿಡುತ್ತಾರೆ. ಚರ್ಚ್ ಸ್ಟ್ರೀಟ್‌ನ ಅಂಗಡಿಗಳಲ್ಲಿ ಬರುತ್ತವೆ, ಆದರೆ ಅವರಿಗೂ ಬೆಲೆ ಗೊತ್ತು. ದೆಹಲಿಗೆ ಹೋದರೆ ದರಿಯಾಗಂಜಿನ ಭಾನುವಾರದ ಸಂತೆ, 2019ರಿಂದ ಅದು ನಡೆಯುವುದು ಮಹಿಳಾ ಹಾಟ್‌ನಲ್ಲಿ. ಅಲ್ಲಿ ಹಿಂದಿ ಇಂದ್ರಜಾಲ ರಾಶಿ ರಾಶಿ. ಒಳ್ಳೇ ಮಾಲು ಸಿಗುವುದು ಮಾತ್ರ ಮನೆ ಖಾಲಿ ಮಾಡುವವರಲ್ಲಿ ಮತ್ತು ಬಾಗಿಲು ಹಾಕುತ್ತಿರುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ. ಅಲ್ಲಿ ಒಂದೊಂದಾಗಿ ಆರಿಸಬೇಡಿ. ನೀವು ಯಾವುದನ್ನು ಎರಡು ಸಲ ಮುಟ್ಟಿದಿರಿ ಅಂತ ಎದುರಿನವರು ನೋಡುತ್ತಿರುತ್ತಾರೆ. ಇಡೀ ಕಟ್ಟಿಗೆ ಒಂದು ರೇಟು ಹೇಳಿ ಮುಗಿಸುವುದೇ ಲೇಸು. ಬೇಡದ್ದನ್ನು ಆಮೇಲೆ ಮಾರಿಕೊಂಡರಾಯಿತು.

ಹಾಗೆ ತಂದ ಕಟ್ಟನ್ನು ಮನೆಯಲ್ಲಿ ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ ನೋಡುತ್ತೇನೆ. ಒಂದು ಪ್ರತಿಯ ಕಥೆ ಹೇಳುತ್ತೇನೆ. ಕನ್ನಡ ಇಂದ್ರಜಾಲ, ಲೈಬ್ರರಿಯಿಂದ ಬಂದದ್ದು. ಮುಖಪುಟದ ಬಣ್ಣ ಇನ್ನೂ ಗಟ್ಟಿ, ದೂರದಿಂದ ನೋಡಿದರೆ ಸೊಗಸಾಗಿದೆ. ತೆರೆದರೆ ಬೆನ್ನಿನಲ್ಲಿ ಮೂರು ತೂತು. ಪಿನ್ನು ಕಿತ್ತುಹೋದ ಮೇಲೆ ಲೈಬ್ರರಿಯವರು ದಬ್ಬಳದಲ್ಲಿ ಹೊಲಿದಿದ್ದಾರೆ. ಹಳೇ ಪಿನ್ನಿನ ತುಕ್ಕು ಮುಖಪುಟದ ಒಳಗಡೆ ಕಂದು ಬಣ್ಣದಲ್ಲಿ ಉಳಿದಿದೆ. ಅದೇ ತುಕ್ಕು ಮೊದಲ ಪುಟದ ಮೇಲೂ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇದೆಯಾ? ಇತ್ತು. ಅಂದರೆ ಈ ಮುಖಪುಟ ಇದೇ ಪುಸ್ತಕದ್ದು. ಇದನ್ನು ಯಾವತ್ತೂ ನೋಡುತ್ತೇನೆ. ಒಂದು ಪ್ರತಿಯ ಮುಖಪುಟವನ್ನು ಇನ್ನೊಂದರ ಒಡಲಿಗೆ ಸೇರಿಸಿ ಮಾರುವುದುಂಟು. ಆಗ ತುಕ್ಕಿನ ಗುರುತು ಹೊಂದುವುದಿಲ್ಲ. ಅರಿಶಿನವಾದ ಕಾಗದದಲ್ಲಿ ಫಳಫಳ ಹೊಳೆಯುವ ಹೊಸ ಪಿನ್ನು ಕಂಡರಂತೂ ಅನುಮಾನ ಪಡಲೇಬೇಕು.

ಆಮೇಲೆ ಪುಟ ಎಣಿಕೆ. 32 ಪುಟದ ಪುಸ್ತಕ ಅಂದರೆ ಎಂಟು ಹಾಳೆ ಮಡಚಿ ನಡುವೆ ಪಿನ್ನು ಹೊಡೆದದ್ದು. ಒಂದು ಹಾಳೆ ಕಳಚಿದರೆ ಎರಡು ಕಡೆ ಪುಟ ಹೋಗುತ್ತದೆ. 3-4 ಇಲ್ಲ ಅಂದರೆ 29-30 ಕೂಡ ಇರುವುದಿಲ್ಲ. ಕಥೆ ಓದುತ್ತಾ ಹೋದರೆ ಇದು ತಪ್ಪಿಹೋಗಬಹುದು, ಎಣಿಸಿದರೆ ತಪ್ಪುವುದಿಲ್ಲ. ನಡುಹಾಳೆ ಬೇರೆಯಾಗಿ ಉದುರುತ್ತದೆಯೇ ಅಂತಲೂ ನೋಡಬೇಕು. ಈ ಪ್ರತಿಯಲ್ಲಿ ಅದು ಸಡಿಲವಾಗಿತ್ತು. ಬಲಗಡೆಯ ಅಂಚು ತೀರಾ ನೇರ, ತೀರಾ ಶುಭ್ರ. ಒಂದು ಕಾಲದಲ್ಲಿ ಹತ್ತಿಪ್ಪತ್ತು ಸೇರಿಸಿ ಬೈಂಡ್ ಮಾಡಿಸಿ ಅಂಚು ಕತ್ತರಿಸಿದ್ದಾರೆ. ಕತ್ತರಿಸದ ಇನ್ನೊಂದು ಪ್ರತಿಯ ಮೇಲೆ ಇಟ್ಟು ನೋಡಿದಾಗ ಕೆಲವು ಮಿಲಿಮೀಟರ್ ಕಮ್ಮಿ. ಪದಬಂಧವನ್ನು ಯಾರೋ ನೀಲಿ ಶಾಯಿಯಲ್ಲಿ ಬಿಡಿಸಿದ್ದಾರೆ. ಎರಡು ಉತ್ತರ ತಪ್ಪು.

ಇದಕ್ಕೆ ಏನು ದರ್ಜೆ? ಅಮೆರಿಕದವರ ಹತ್ತರ ಅಳತೆಯನ್ನೇ ನಾನು ಬಳಸುತ್ತೇನೆ. 9.4 ಅಂದರೆ ಅಂಗಡಿಯಿಂದ ಈಗ ತಂದ ಹಾಗೆ, 8.0 ಅಂದರೆ ಬಹಳ ಚೆನ್ನ, 6.0 ಅಂದರೆ ಓದಿದ್ದಾರೆ ಆದರೆ ಜೋಪಾನವಾಗಿ ಓದಿದ್ದಾರೆ, 4.0 ಅಂದರೆ ಮಡಿಕೆ ಕಲೆಗಳಿದ್ದರೂ ಗಟ್ಟಿಮುಟ್ಟು, 2.0 ಅಂದರೆ ಜರ್ಜರಿತ ಆದರೆ ಪೂರ್ತಿ ಇದೆ. ಮೇಲಿನ ಪ್ರತಿಗೆ ನಾನು ಬರೆದದ್ದು 1.5. ಮುಖಪುಟ ನೋಡಿದವರು 5 ಕೊಡುತ್ತಿದ್ದರು. ನಮ್ಮ ಹವಾಮಾನ, ನಮ್ಮ ಲೈಬ್ರರಿ ಪದ್ಧತಿ ನೋಡಿ ನಮ್ಮ ಕಾಮಿಕ್ಸ್‌ಗೆ ಬೇರೆ ಅಳತೆ ಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳತೆ ಒಂದೇ ಇರಲಿ, ಬೆಲೆ ಬೇರೆ ಇರಲಿ. ಒಳಪುಟದಲ್ಲಿ 'ಏಳನೇ ಬಿ' ಅಂತ ಮಗುವೊಂದು ಬರೆದುಕೊಂಡದ್ದು ನನಗೂ ಇಷ್ಟವೇ. ಆದರೆ ಅದಕ್ಕೆ ಅಂಕ ಕಳೆಯಲೇಬೇಕು.

ಸೆಲ್ಲೋಟೇಪ್ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹರಿದ ಪುಟ ಹರಿದ ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ಟೇಪಿನ ಅಂಟು ಕಾಗದಕ್ಕೆ ಇಳಿದು ಕಂದು ಪಟ್ಟಿಯಾಗುತ್ತದೆ, ಅದನ್ನು ತೆಗೆಯಲು ಹೋಗಬೇಡಿ. ಕಾಗದ ಪುಡಿಯಾಗುವ ಹಂತಕ್ಕೆ ಬಂದಿದೆಯಾ ಅಂತ ಮೂಲೆ ಮಡಚಿ ಪರೀಕ್ಷೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಮೂಲೆಯೇ ಕೈಗೆ ಬರುತ್ತದೆ. ಪುಸ್ತಕ ಇಟ್ಟ ಕವರಿನ ತಳ ನೋಡಿ. ಅಲ್ಲಿ ಕಾಗದದ ಚೂರು ಉದುರಿದ್ದರೆ ಉತ್ತರ ಸಿಕ್ಕಿತಲ್ವಾ?

ನಕಲಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಪುಸ್ತಕ ನಕಲಿ ಮಾಡುವುದು ಕಮ್ಮಿ. ಹೊರಗಿನ ಮುಖಪುಟ ಹೋಗಿರುವ ಪುಸ್ತಕಕ್ಕೆ ಕಲರ್ ಜೆರಾಕ್ಸ್ ಅಥವಾ ಇಂಕ್‌ಜೆಟ್ ಪ್ರಿಂಟರಿನ ಮುಖಪುಟ ಹಾಕುವುದೇ ಹೆಚ್ಚು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಜೇಬಿನಲ್ಲಿರಲಿ. ಹಳೇ ಮುದ್ರಣದಲ್ಲಿ ಚುಕ್ಕಿಗಳು ಸಾಲಾಗಿ, ಸುತ್ತಿನ ಆಕಾರದಲ್ಲಿ ಕೂತಿರುತ್ತವೆ. ಒಂದು ಬಣ್ಣ ಗೆರೆಯಿಂದ ಆಚೆ ಜಾರಿರುವುದೂ ಉಂಟು. ಇಂಕ್‌ಜೆಟ್‌ನಲ್ಲಿ ಚುಕ್ಕಿಗಳು ಎರಚಿದ ಹಾಗೆ ಚೆಲ್ಲಾಪಿಲ್ಲಿ. ಇನ್ನು, ನೋಟು ಪರೀಕ್ಷೆಗೆ ಬಳಸುವ ಅತಿನೇರಳೆ (ಯುವಿ) ಟಾರ್ಚು ಅಗ್ಗವಾಗಿ ಸಿಗುತ್ತದೆ. ಕತ್ತಲಲ್ಲಿ ಹಿಡಿದರೆ ಇವತ್ತಿನ ಜೆರಾಕ್ಸ್ ಕಾಗದ ನೀಲಿಯಾಗಿ ಬೆಳಗುತ್ತದೆ. ಹಳೇ ನ್ಯೂಸ್‌ಪ್ರಿಂಟ್ ಮಂಕಾಗಿಯೇ ಇರುತ್ತದೆ. ಎರಡೂ ಪರೀಕ್ಷೆ ಒಟ್ಟಿಗೆ ಮಾಡಿ, ಒಂದನ್ನೇ ನಂಬಬೇಡಿ.

ಬೆಲೆಗೆ ಬರೋಣ. ಅಮೆರಿಕದಲ್ಲಿ 1970ರಿಂದ ಓವರ್‌ಸ್ಟ್ರೀಟ್ ಬೆಲೆ ಕೈಪಿಡಿ ಇದೆ. 2000ದಿಂದ ಸಿಜಿಸಿ ಅನ್ನುವ ಸಂಸ್ಥೆ ದರ್ಜೆ ಹಾಕಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತದೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿದ, 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಬೆಲೆ 10 ಸೆಂಟ್. ಅದರ 8.5 ದರ್ಜೆಯ ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಈ ಸುದ್ದಿ ಬಂದಾಗಲೆಲ್ಲ ಅಟ್ಟದಿಂದ ಟ್ರಂಕು ಇಳಿಸಿ ನನಗೆ ಫೋಟೋ ಕಳಿಸುವವರಿದ್ದಾರೆ. ನಮ್ಮಲ್ಲಿ ಎಲ್ಲರೂ ಒಪ್ಪುವ ಬೆಲೆಪಟ್ಟಿ ಇಲ್ಲ, ಕೊಳ್ಳುವವರೂ ಬೆರಳೆಣಿಕೆ. ಸಾಧಾರಣ ಇಂದ್ರಜಾಲವನ್ನು ಅಮೆರಿಕಕ್ಕೆ ಕಳಿಸಿ ದರ್ಜೆ ಹಾಕಿಸಿದರೆ ಪುಸ್ತಕಕ್ಕಿಂತ ಪೆಟ್ಟಿಗೆಯ ಖರ್ಚೇ ಜಾಸ್ತಿಯಾಗುತ್ತದೆ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಮಾರಾಟವಾದ ಬೆಲೆ ಮಾತ್ರ ಬರೆಯುತ್ತೇನೆ, ಕೇಳಿದ ಬೆಲೆ ಅಲ್ಲ. ಆನ್‌ಲೈನ್‌ನಲ್ಲಿ ಒಬ್ಬ ಹತ್ತು ಸಾವಿರ ಕೇಳಿದ ಮಾತ್ರಕ್ಕೆ ಅದು ಹತ್ತು ಸಾವಿರದ್ದಾಗುವುದಿಲ್ಲ, ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಹರಾಜಿನಲ್ಲಿ ಇಬ್ಬರು ಜಿದ್ದಿಗೆ ಬಿದ್ದು ಏರಿಸಿದ ಬೆಲೆಯ ಪಕ್ಕದಲ್ಲಿ ಒಂದು ಗುರುತು ಹಾಕಿ, ಮುಂದಿನ ಮಾರಾಟ ಬರುವವರೆಗೆ ಲೆಕ್ಕಕ್ಕೆ ಇಡುವುದಿಲ್ಲ. ನನ್ನ ರೂಢಿ ಹೀಗೆ: 6.0 ದರ್ಜೆಯ ಬೆಲೆಯನ್ನು ಆಧಾರ ಮಾಡಿಕೊಂಡರೆ, 2.0ಕ್ಕೆ ಅದರ ಕಾಲುಭಾಗ. ಪುಟ ಇಲ್ಲದ್ದಕ್ಕೆ ಓದುವ ಪ್ರತಿಯ ರೇಟು, ಅಷ್ಟೇ. ಇಂದ್ರಜಾಲದ ಮೊದಲ ಹತ್ತು ಸಂಚಿಕೆ ಮತ್ತು ಕನ್ನಡದ ಪ್ರತಿಗಳಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಇನ್ನೊಂದು ಪ್ರತಿ ಯಾವಾಗ ಸಿಗುತ್ತದೆ ಅನ್ನುವುದೇ ಬೆಲೆ.

ಇಡುವ ವಿಷಯ ಚುಟುಕಾಗಿ. ಪಿವಿಸಿ ಕವರು ಬೇಡ, ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಪ್ಲಾಸ್ಟಿಕ್ಕಿನದು ಇರಲಿ. ಹಿಂದೆ ಆಮ್ಲರಹಿತ ರಟ್ಟು. ಹುಳ ಇರುವ ಅನುಮಾನ ಬಂದರೆ ನುಸಿಗುಳಿಗೆ ಹಾಕುವ ಬದಲು, ಗಾಳಿಯಾಡದ ಕವರಿನಲ್ಲಿ ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಕವರು ಬಿಚ್ಚಬೇಡಿ, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕಟ್ಟುತ್ತದೆ.

ಮಾರುವಾಗ ನಾನು ದೋಷಗಳನ್ನೇ ಮೊದಲು ಬರೆಯುತ್ತೇನೆ. ಮುಖಪುಟದ ಫೋಟೋಗಿಂತ ಮುಂಚೆ ಬೆನ್ನು, ನಡುಹಾಳೆ, ಹಿಂಬದಿಯ ಪಟ್ಟಿಯ ಫೋಟೋ ಹಾಕುತ್ತೇನೆ. ಇದನ್ನು ನೋಡಿಯೂ ಕೊಳ್ಳುವವರು ಆಮೇಲೆ ತಕರಾರು ತೆಗೆಯುವುದಿಲ್ಲ. ಎರಡು ಗಟ್ಟಿ ರಟ್ಟಿನ ನಡುವೆ, ಒಂದರ ಒಳಗಿನ ಅಲೆಗೆರೆ ಅಡ್ಡ ಇನ್ನೊಂದರದ್ದು ಉದ್ದ ಬರುವ ಹಾಗೆ ಇಟ್ಟು ಕಟ್ಟುತ್ತೇನೆ, ಆಗ ಯಾವ ಕಡೆಗೂ ಮಡಚುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಇನ್ನೊಂದು ಪ್ಲಾಸ್ಟಿಕ್ ಕವರು. ಮಂಗಳೂರು, ಉಡುಪಿ ಕಡೆಯವರು ಆ ತಿಂಗಳುಗಳಲ್ಲಿ ಕೇಳಿದರೆ, ಅಕ್ಟೋಬರ್‌ವರೆಗೆ ನನ್ನ ಹತ್ತಿರವೇ ಇರಲಿ ಅನ್ನುತ್ತೇನೆ. ಸಾಮಾನ್ಯವಾಗಿ ಒಪ್ಪುತ್ತಾರೆ.