ಅರ್ಧಕ್ಕೆ ನಿಂತ ಸ್ಪಿಟ್‌ಫೈರ್ ಮಾರಿದ ಅನುಭವ

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸಕ್ಕೆ ಸೇರಿದ ಮರುವರ್ಷ, ಅದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾಗಿದ್ದ 1972ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 4 ಕಾರೊಂದನ್ನು ಓಡದ ಸ್ಥಿತಿಯಲ್ಲೇ ಕೊಂಡಿದ್ದೆ. ಮೈಸೂರಿನಲ್ಲಿ ನಮ್ಮ ಸೋದರಮಾವನ ಬಳಿ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಸ್ಪಿಟ್‌ಫೈರ್ ಆ ಹೆರಾಲ್ಡಿನ ಚಾಸಿಯಿಂದಲೇ, ಅಂದರೆ ತಳದ ಚೌಕಟ್ಟಿನಿಂದಲೇ, ಹುಟ್ಟಿದ ಕಾರು. ಎರಡನ್ನೂ ವಿನ್ಯಾಸ ಮಾಡಿದವರು ಇಟಲಿಯ ಮಿಕೆಲೊಟ್ಟಿ, ಎರಡರ ಬಾನೆಟ್ಟೂ ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆ ಒಂದು ನೋಟಕ್ಕೆ ಮನಸೋತು ದುಡ್ಡು ಕೊಟ್ಟೆನೆಂದರೆ ತಪ್ಪಾಗದು.

ಅದರ ದುರಸ್ತಿ ಕೆಲಸ ಅರ್ಧಕ್ಕೆ ನಿಂತದ್ದು ನನ್ನದೇ ತಪ್ಪಿನಿಂದ. ಸ್ಪಿಟ್‌ಫೈರಿಗೆ ಪ್ರತ್ಯೇಕ ಚಾಸಿ ಇದ್ದರೂ, ಹೆರಾಲ್ಡಿಗಿರುವ ಪಕ್ಕದ ಕಂಬಿಗಳು ಅದಕ್ಕಿಲ್ಲ; ಬಾಗಿಲ ಕೆಳಗಿನ ಸಿಲ್‌ಗಳೇ (ಉದ್ದುದ್ದ ತಗಡಿನ ಪೆಟ್ಟಿಗೆಯಂಥ ಭಾಗಗಳು) ಕಾರಿನ ಮೈಗೆ ಬಿಗಿ ಕೊಡುತ್ತವೆ. ಆದ್ದರಿಂದ ತುಕ್ಕು ಹಿಡಿದ ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿಕೊಳ್ಳಲೇಬೇಕು. ಬಲಗಡೆಗೆ ಹಾಗೆ ಮಾಡಿದೆ, ಎಡಗಡೆಗೆ ಆತುರಪಟ್ಟೆ. ಹೊಸ ಸಿಲ್ ಕೂರಿಸಿ ಬಾಗಿಲು ಹಾಕಿ ನೋಡಿದರೆ, ಅದರ ಹಿಂಬದಿಯ ಸಂದು ಕೆಳಗಡೆ ಕಿರುಬೆರಳು ತೂರುವಷ್ಟು ಅಗಲವಾಗಿತ್ತು, ಮೇಲ್ಗಡೆ ತಗಡಿಗೆ ತಗಡು ಉಜ್ಜುತ್ತಿತ್ತು. ಅದನ್ನು ಮತ್ತೆ ಕತ್ತರಿಸುವ ಧೈರ್ಯ ಬರಲಿಲ್ಲ. ಕಾರು ನಾಲ್ಕು ವರ್ಷ ಹೊದಿಕೆಯಡಿ ಮಲಗಿತು.

ಮಾರಲು ಹೊರಟಾಗ ಮೊದಲ ಜಾಹೀರಾತಿನಲ್ಲಿ 'ಬಾಡಿ ಕೆಲಸ ಬಹುಪಾಲು ಮುಗಿದಿದೆ' ಎಂದು ಬರೆದೆ. ಸುಳ್ಳೇನಲ್ಲ, ಆದರೆ ನಿಜವೂ ಅಲ್ಲ. ನೋಡಲು ಬಂದ ಹಿರಿಯರೊಬ್ಬರು ಎಡಬಾಗಿಲ ಸಂದಿನ ಮೇಲೆ ಬೆರಳಾಡಿಸಿ, ಬೆಲೆಯ ಮಾತನ್ನೇ ಎತ್ತದೆ, ಚಹಾ ಕುಡಿದು ಹೊರಟುಹೋದರು. ಅಂದು ರಾತ್ರಿಯೇ ಜಾಹೀರಾತು ತೆಗೆದುಹಾಕಿದೆ.

ಮುಂದಿನ ಆರು ವಾರ ದುರಸ್ತಿಗೆ ಕೈ ಹಾಕದೆ, ಕಾರನ್ನು ಮಾರುವ ಸ್ಥಿತಿಗೆ ತರುವುದಷ್ಟನ್ನೇ ಮಾಡಿದೆ. ಸಸ್ಪೆನ್ಷನ್ನು, ಬ್ರೇಕು, ಚಕ್ರ ಜೋಡಿಸಿ ತಳ್ಳಿದರೆ ಉರುಳುವಂತೆ ಮಾಡಿದೆ, ಏಕೆಂದರೆ ಉರುಳದ ಕಾರನ್ನು ಟ್ರೈಲರಿಗೆ ಏರಿಸುವ ಕಷ್ಟವನ್ನು ನೆನೆದೇ ಅರ್ಧ ಗಿರಾಕಿಗಳು ಹಿಂದೆ ಸರಿಯುತ್ತಾರೆ. ಡಬ್ಬಗಳಲ್ಲಿ ಕಲಸಿಹೋಗಿದ್ದ ನಟ್ಟು-ಬೋಲ್ಟುಗಳನ್ನು ಕಾರ್ಖಾನೆಯ ಬಿಡಿಭಾಗಗಳ ಪುಸ್ತಕದ ಚಿತ್ರಗಳಿಗೆ ಹೋಲಿಸಿ ಒಂದೊಂದು ಚೀಲಕ್ಕೆ ಹಾಕಿ, ಯಾವ ಪುಟದ ಯಾವ ಚಿತ್ರ ಎಂದು ಮೇಲೆ ಬರೆದೆ. ಇಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಆದರೂ ಕೊನೆಗೆ ಹೆಚ್ಚು ಬೆಲೆ ತಂದುಕೊಟ್ಟದ್ದು ಇದೇ ಎಂದು ನನ್ನ ನಂಬಿಕೆ. ಇಂತಹ ಕಾರು ಕೊಳ್ಳುವವನಿಗೆ ಇರುವ ಕೆಲಸಕ್ಕಿಂತ ಇಲ್ಲದ ಭಾಗಗಳದ್ದೇ ಭಯ. ಸಿಗದೇ ಹೋದ ಹನ್ನೊಂದು ಭಾಗಗಳ ಪಟ್ಟಿಯನ್ನೂ ಜಾಹೀರಾತಿನಲ್ಲೇ ಕೊಟ್ಟೆ; ಬಾಗಿಲ ಸಂದಿಗೆ ಸ್ಕೇಲು ಹಿಡಿದು ತೆಗೆದ ಫೋಟೋವನ್ನು ಎಲ್ಲಕ್ಕಿಂತ ಮೊದಲು ಹಾಕಿದೆ.

ಬೆಲೆಯ ವಿಷಯದಲ್ಲಿ ರಸೀದಿಗಳನ್ನು ಕೂಡಿದ್ದೇ ತಪ್ಪಾಯಿತು. ಮೊತ್ತ 6,000 ಪೌಂಡು ದಾಟಿತ್ತು. ಕೈಗೆ ಬಂದದ್ದು 1,850.

ಎರಡನೆಯ ಬಾರಿ ಬಂದವರು ತಂದೆ ಮತ್ತು ಮಗಳು. ಮಗಳು ವೆಲ್ಡಿಂಗ್ ಕಲಿತವಳು. ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, ಒಂದು ವಾರಾಂತ್ಯದ ಕೆಲಸ ಎಂದಳು. ತಂದೆಯ ಗಮನವೆಲ್ಲ ಸ್ಟ್ಯಾಂಡಿನ ಮೇಲಿದ್ದ 1296 ಸಿ.ಸಿ. ಎಂಜಿನ್ನಿನ ಮೇಲೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ದಂಡ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರುಗಳು ಸವೆದು ಉದುರುವುದು ಹಳೆಯ ರೋಗ, ಉದುರಿದರೆ ಬ್ಲಾಕಿಗೇ ಪೆಟ್ಟು. ನಾನು ವಾಷರು ಬದಲಿಸಿದ್ದೇನೆ ಎಂದು ಹೇಳುವ ಬದಲು ಆ ಸರಿತವನ್ನು ಅಳೆಯುವ ಡಯಲ್ ಗೇಜನ್ನು ಅವರ ಕೈಗೇ ಕೊಟ್ಟೆ. ಫ್ಲೈವೀಲನ್ನು ಹಿಂದೆ ಮುಂದೆ ದೂಡಿದಾಗ ಮುಳ್ಳು ಇಂಚಿನ ಸಾವಿರ ಪಾಲಿನಲ್ಲಿ ಆರು ಪಾಲಿನಷ್ಟು ಮಾತ್ರ ಸರಿಯಿತು, ಅದು ಮಿತಿಯೊಳಗೇ ಇತ್ತು. ಅವರು ತಲೆಯಾಡಿಸಿದರು, ಚೌಕಾಶಿ ಅಲ್ಲಿಗೆ ನಿಂತಿತು.

ಕಾಗದಪತ್ರ ಕಷ್ಟವಾಗಲಿಲ್ಲ. ನೋಂದಣಿ ಪುಸ್ತಕ ನನ್ನ ಹೆಸರಿನಲ್ಲೇ ಇತ್ತು, 'ಎಫ್‌ಎಚ್' ಎಂದು ಶುರುವಾಗುವ ಕಮಿಷನ್ ಸಂಖ್ಯೆ, ಅಂದರೆ ಕಾರ್ಖಾನೆ ಪ್ರತಿ ಕಾರಿಗೂ ಕೊಡುತ್ತಿದ್ದ ಗುರುತಿನ ಸಂಖ್ಯೆ, ಕಾರಿನ ಫಲಕಕ್ಕೆ ತಾಳೆಯಾಯಿತು. ರಸ್ತೆಗಿಳಿಸುವುದಿಲ್ಲವೆಂದು ನಾನು ಕೊಟ್ಟಿದ್ದ ಘೋಷಣೆ ಹೊಸಬರಿಗೆ ವರ್ಗವಾಗುವುದಿಲ್ಲ, ಅವರೇ ಮತ್ತೆ ಕೊಡಬೇಕು ಎಂಬುದನ್ನು ಮಾತ್ರ ನೆನಪಿಸಿದೆ.

ಹೊರಡುವ ಮುನ್ನ ಮಗಳು, ಕತ್ತರಿಸಿದ ಹಳೆಯ ಎಡ ಸಿಲ್ ಇದೆಯೇ, ಅಳತೆಗೆ ಬೇಕಿತ್ತು ಎಂದು ಕೇಳಿದಳು. ಗ್ಯಾರೇಜಿನ ಮೂಲೆಯಲ್ಲಿ ಹಾಗೇ ಒರಗಿಸಿಟ್ಟಿದ್ದೆ. ತುಕ್ಕಿನ ಪುಡಿ ಉದುರಿಸುತ್ತಿದ್ದ ಆ ತುಂಡನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡಳು.