ಗ್ರೀನ್‌ಬೆಲ್ಟ್ ಸಮುದಾಯ ಭವನ: ಹೊಸದಾಗಿ ಬಂದ ಕನ್ನಡಿಗರಿಗೆ ಒಂದು ಪರಿಚಯ

ಮೇರಿಲ್ಯಾಂಡಿನ ಗ್ರೀನ್‌ಬೆಲ್ಟ್‌ಗೆ ಬಂದಿಳಿದ ಕನ್ನಡಿಗರು ಮೊದಲ ವಾರದಲ್ಲಿಯೇ ಲ್ಯಾನಮ್‌ನ ಶಿವವಿಷ್ಣು ದೇವಸ್ಥಾನವನ್ನು ಕಂಡುಕೊಳ್ಳುತ್ತಾರೆ. ಕಾವೇರಿ ಕನ್ನಡ ಸಂಘದ ಪರಿಚಯವೂ ಬಹುಬೇಗ ಆಗುತ್ತದೆ. ಗೊಡ್ಡಾರ್ಡ್ ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೋ ಕಾಲೇಜ್ ಪಾರ್ಕಿನ ವಿಶ್ವವಿದ್ಯಾಲಯದ ಓದಿಗೋ ಬಂದವರಿಗೆ ದಾರಿ ಹೇಳುವವರ ಕೊರತೆ ಇಲ್ಲಿಲ್ಲ. ಆದರೂ ಹಳೆಯ ಗ್ರೀನ್‌ಬೆಲ್ಟಿನ ಕ್ರೆಸೆಂಟ್ ರಸ್ತೆಯಲ್ಲಿರುವ ಸಮುದಾಯ ಭವನದೊಳಗೆ ಒಮ್ಮೆಯೂ ಕಾಲಿಡದೆ ವರ್ಷಗಟ್ಟಲೆ ಇಲ್ಲಿ ಕಳೆದವರನ್ನು ನಾನು ಕಂಡಿದ್ದೇನೆ. ನಾನೂ ಬಹಳ ಕಾಲ ಅದನ್ನು ಯಾವುದೋ ಸರ್ಕಾರಿ ಕಚೇರಿಯೆಂದೇ ತಿಳಿದಿದ್ದೆ. ಆ ಕಟ್ಟಡದ ಕಥೆ ತಿಳಿದ ಮೇಲೆಯೇ ಈ ಊರು ನನಗೆ ಅರ್ಥವಾಗತೊಡಗಿದ್ದರಿಂದ, ಅದನ್ನು ನಿಮಗೆ ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸಿದೆ.

1929ರ ಷೇರುಪೇಟೆಯ ಪತನದ ನಂತರ ಅಮೆರಿಕವನ್ನು ಆವರಿಸಿದ ಆರ್ಥಿಕ ಮಹಾಕುಸಿತವು 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರ ಕೆಲಸವನ್ನು ಕಸಿದುಕೊಂಡಿತ್ತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸರ್ಕಾರ 1935ರಲ್ಲಿ ಪುನರ್ವಸತಿ ಆಡಳಿತವೆಂಬ ಸಂಸ್ಥೆಯನ್ನು ರಚಿಸಿ, ಅದರ ಹೊಣೆಯನ್ನು ಅರ್ಥಶಾಸ್ತ್ರಜ್ಞ ರೆಕ್ಸ್‌ಫರ್ಡ್ ಟಗ್‌ವೆಲ್ಲರಿಗೆ ವಹಿಸಿತು. ನಮ್ಮ ಸೀಮೆಯಲ್ಲಿ ಬರಗಾಲ ಬಿದ್ದಾಗ ಕೆರೆಯ ಹೂಳೆತ್ತಿಸಿ, ರಸ್ತೆ ಹಾಕಿಸಿ, ಜನರ ಕೈಗೆ ಕೂಲಿ ಕೊಡುತ್ತಿದ್ದ ಪರಿಹಾರ ಕಾಮಗಾರಿಗಳನ್ನು ನೆನಪಿಸಿಕೊಂಡರೆ ಟಗ್‌ವೆಲ್ಲರ ಕೆಲಸದ ಒಂದು ಮುಖ ತಿಳಿಯುತ್ತದೆ. ಇಲ್ಲಿ ಆ ಕೂಲಿಯಿಂದ ಒಂದು ಇಡೀ ಊರೇ ಎದ್ದಿತು. ತಂಬಾಕು ಬೆಳೆದು ಸಾರ ಕಳೆದುಕೊಂಡಿದ್ದ ಹೊಲಗಳಲ್ಲಿ, ನಿರುದ್ಯೋಗಿಗಳಾಗಿದ್ದ ಕಾರ್ಮಿಕರ ದುಡಿಮೆಯಿಂದ, 885 ಮನೆಗಳು, ಒಂದು ಕೆರೆ, ಅಂಗಡಿ ಸಾಲು ಮತ್ತು ಈ ಭವನ ನಿರ್ಮಾಣಗೊಂಡವು. ಓಹಾಯೋದ ಗ್ರೀನ್‌ಹಿಲ್ಸ್ ಮತ್ತು ವಿಸ್ಕಾನ್ಸಿನ್‌ನ ಗ್ರೀನ್‌ಡೇಲ್ ಇದೇ ಯೋಜನೆಯ ಇನ್ನೆರಡು ಊರುಗಳು.

ಸಮುದಾಯ ಭವನವು ಮೊದಲು ಶಾಲೆಯಾಗಿತ್ತು ಎಂಬುದು ಮುಖ್ಯವಾದ ಸಂಗತಿ. ರೆಜಿನಾಲ್ಡ್ ವಾಡ್ಸ್‌ವರ್ತ್ ಮತ್ತು ಡಗ್ಲಾಸ್ ಎಲಿಂಗ್ಟನ್ ಎಂಬ ವಾಸ್ತುಶಿಲ್ಪಿಗಳು ಇದನ್ನು ಆರಂಭದಿಂದಲೇ ಎರಡು ಉಪಯೋಗಗಳಿಗಾಗಿ ರೂಪಿಸಿದರು: ಹಗಲಿನಲ್ಲಿ ಮಕ್ಕಳ ಪ್ರಾಥಮಿಕ ಶಾಲೆ, ಸಂಜೆ ಮತ್ತು ರಜಾದಿನಗಳಲ್ಲಿ ದೊಡ್ಡವರ ಸಭಾಂಗಣ. ಊರಿನ ಗ್ರಂಥಾಲಯವೂ ಮೊದಲಿಗೆ ಇಲ್ಲಿಯೇ ಇತ್ತು. ತಮ್ಮದೇ ಆದ ಪ್ರಾರ್ಥನಾ ಮಂದಿರಗಳು ಇನ್ನೂ ಇಲ್ಲದಿದ್ದ ಬೇರೆ ಬೇರೆ ಧರ್ಮದವರು ಇದೇ ಸೂರಿನಡಿ ಪ್ರಾರ್ಥನೆ ಸಲ್ಲಿಸಿದರು. ದೇವಸ್ಥಾನ ಕಟ್ಟುವ ಮೊದಲು ಶಾಲೆಯ ಸಭಾಂಗಣಗಳಲ್ಲಿ ಗಣೇಶನನ್ನು ಕೂರಿಸಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1937ರ ಸೆಪ್ಟೆಂಬರ್ 30ರಂದು ಮೊದಲ ಕುಟುಂಬಗಳು ಬಂದಾಗ ಈ ಊರಿಗೆ ಹಳಬರೆಂಬುವರೇ ಇರಲಿಲ್ಲ. ಎಲ್ಲರೂ ಅಂದೇ ಬಂದ ಹೊಸಬರು, ಹೆಚ್ಚಿನವರು ಕಿರಿಯ ವಯಸ್ಸಿನ ದಂಪತಿಗಳು, ಬಂಧುಬಳಗದಿಂದ ದೂರವಾದವರು. ಆದಾಯದ ಮಿತಿಯನ್ನು ನೋಡಿ, ಸಂದರ್ಶನ ನಡೆಸಿ ಆರಿಸಿದ ಕುಟುಂಬಗಳಿವು. ಮದುವೆಯಾದ ಹೆಂಗಸರು ಹೊರಗೆ ಸಂಬಳದ ಕೆಲಸಕ್ಕೆ ಹೋಗಬಾರದೆಂಬ ನಿಯಮವೂ ಆಗ ಇತ್ತು. ಅವಲಂಬಿತರ ವೀಸಾದ ಮೇಲೆ ಬಂದು, ಕೈಯಲ್ಲಿ ಪದವಿಯಿದ್ದೂ ಕೆಲಸದ ಪರವಾನಗಿಯಿಲ್ಲದೆ ಮನೆಯಲ್ಲಿ ಕುಳಿತಿರುವ ನಮ್ಮ ಅಕ್ಕತಂಗಿಯರ ಪಾಡನ್ನು ಬಲ್ಲ ನನಗೆ, ಆ ನಿಯಮದ ವಿಷಯ ಓದಿದ ದಿನ ಮನಸ್ಸು ಭಾರವಾಯಿತು. ಆದರೆ ಅಂದಿನ ಹೆಂಗಸರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಸಹಕಾರ ಸಂಘ, ಶಾಲಾ ಪೋಷಕರ ಕೂಟ, ಪತ್ರಿಕೆ, ಮುಂದೆ ತಾಯಂದಿರೇ ಸೇರಿ ನಡೆಸಿದ ಶಿಶುವಿಹಾರ, ಹೀಗೆ ಎಲ್ಲ ಕಡೆಯೂ ಅವರ ದುಡಿಮೆಯಿತ್ತು. ಒಂದು ಹಂತದಲ್ಲಿ ಸಂಘಗಳೂ ಸಭೆಗಳೂ ಎಷ್ಟು ಹೆಚ್ಚಿದವೆಂದರೆ, ಕೆಲವು ದಿನ ಯಾವ ಸಭೆಯನ್ನೂ ನಡೆಸದೆ ಮನೆಯಲ್ಲಿರೋಣವೆಂದು ಊರಿನವರು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಇದರ ಜೊತೆಯಲ್ಲಿಯೇ ಹೇಳಲೇಬೇಕಾದ ಇನ್ನೊಂದು ಮಾತಿದೆ. ಈ ಊರನ್ನು ಕಟ್ಟಿದ ಕಾರ್ಮಿಕರಲ್ಲಿ ಕಪ್ಪು ಜನರೂ ಇದ್ದರು, ಆದರೆ ಇಲ್ಲಿಯ ಮನೆಗಳನ್ನು ಬಿಳಿಯರಿಗೆ ಮಾತ್ರ ಕೊಡಲಾಯಿತು, ಮತ್ತು ಆ ಬಾಗಿಲು ತೆರೆಯಲು ದಶಕಗಳೇ ಹಿಡಿದವು. ನಾವು ಇಂದು ಈ ಭವನದಲ್ಲಿ ಯಾವ ತಡೆಯೂ ಇಲ್ಲದೆ ನಡೆದಾಡುತ್ತಿರುವುದು ಆ ಜನರು ನಡೆಸಿದ ಹೋರಾಟದ ಫಲವನ್ನು ಪಡೆದುಕೊಂಡೇ. ಊರಿನ ಸೊಗಸನ್ನು ಹೊಗಳುವವರು ಇದನ್ನು ಬಿಟ್ಟು ಮಾತನಾಡುವುದು ಸರಿಯೆಂದು ನನಗೆ ತೋರುವುದಿಲ್ಲ.

ಭವನಕ್ಕೆ ಮೊದಲ ಬಾರಿ ಹೋದಾಗ ನೇರವಾಗಿ ಒಳಗೆ ಹೋಗಬೇಡಿ. ಹೊರಗೆ ನಿಂತು ಮುಂಭಾಗದ ಗೋಡೆಯನ್ನು ನೋಡಿ. ಬಿಳಿಯ ಬಣ್ಣದ ಆ ಗೋಡೆಯ ಗೀರುಗಂಬಗಳ ನಡುವೆ, ಕಿಟಕಿಗಳ ಕೆಳಗೆ, ಸುಣ್ಣಕಲ್ಲಿನ ಉಬ್ಬುಶಿಲ್ಪಗಳಿವೆ. ಪುನರ್ವಸತಿ ಆಡಳಿತದ ಕಲಾ ವಿಭಾಗದಲ್ಲಿದ್ದ ಲೆನೋರ್ ಥಾಮಸ್ ಎಂಬ ಶಿಲ್ಪಿ ಅಮೆರಿಕದ ಸಂವಿಧಾನದ ಪೀಠಿಕೆಯನ್ನು ಆ ಫಲಕಗಳಲ್ಲಿ ಕಡೆದಿದ್ದಾರೆ: ನ್ಯಾಯವನ್ನು ನೆಲೆಗೊಳಿಸುವುದು, ಸರ್ವರ ಕ್ಷೇಮವನ್ನು ಹೆಚ್ಚಿಸುವುದು ಎಂಬ ಒಂದೊಂದು ಮಾತಿಗೂ ಒಂದೊಂದು ಚಿತ್ರ. ಅವುಗಳಲ್ಲಿರುವವರು ದುಂಡನೆಯ ತೋಳುಗಳ ಸಾಮಾನ್ಯ ದುಡಿಯುವ ಜನ. ಶಾಲೆಯಲ್ಲಿ 'ಭಾರತದ ಪ್ರಜೆಗಳಾದ ನಾವು' ಎಂದು ಓದಿ ಬೆಳೆದ ನಾವು ಆ ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಎರಡು ದೇಶಗಳ ಪೀಠಿಕೆಗಳನ್ನೂ ಒಟ್ಟಿಗೆ ಹೇಳಿಕೊಡಬಹುದು. ನಾನು ಹಾಗೆಯೇ ಮಾಡಿದೆ. ಹತ್ತಿರದ ರೂಸ್‌ವೆಲ್ಟ್ ಸೆಂಟರಿನ ಅಂಗಳದಲ್ಲಿರುವ ತಾಯಿ ಮತ್ತು ಮಗುವಿನ ಪ್ರತಿಮೆಯೂ ಇದೇ ಶಿಲ್ಪಿಯದು.

ಯುದ್ಧಕಾಲದಲ್ಲಿ ಸರ್ಕಾರ ಇನ್ನೂ 1000 ಮನೆಗಳನ್ನು ಸೇರಿಸಿತು. 1952ರಲ್ಲಿ ಅದು ಮನೆಗಳನ್ನು ಮಾರಿದಾಗ ನಿವಾಸಿಗಳೇ ಸಹಕಾರ ಸಂಘ ಕಟ್ಟಿಕೊಂಡು ಹೆಚ್ಚಿನವನ್ನು ಕೊಂಡರು. ಹಳೆಯ ಊರಿಗೆ 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆ ದೊರೆಯಿತು. 1990ರ ದಶಕದಲ್ಲಿ ಶಾಲೆ ಬೇರೆಡೆಗೆ ಹೋದ ಮೇಲೆ ನಗರಾಡಳಿತವು ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿಸಿ, ಪೂರ್ಣಪ್ರಮಾಣದ ಸಮುದಾಯ ಭವನವನ್ನಾಗಿ ಮಾಡಿತು.

ಈಗ ಅಲ್ಲಿ ವ್ಯಾಯಾಮಾಂಗಣ, ನೃತ್ಯದ ಕೊಠಡಿ, ಕುಂಬಾರಿಕೆಯ ಕಾರ್ಯಶಾಲೆ, ಕಲಾವಿದರ ಕೊಠಡಿಗಳು, ಶಿಶುವಿಹಾರ ಇವೆ. ಹಗಲಿನಲ್ಲಿ ಒಂಟಿಯಾಗಿರುವವರು, ಊರಿನಿಂದ ಆರು ತಿಂಗಳಿಗೆಂದು ಬಂದು ಬೇಸರಪಡುವ ತಂದೆತಾಯಂದಿರು ಮೊದಲು ಇಲ್ಲಿಗೆ ಬರಬೇಕು. ಕಾರ್ಯಕ್ರಮಗಳಿಗೆ ಕೊಠಡಿಗಳನ್ನು ಬಾಡಿಗೆಗೆ ಕೊಡುತ್ತಾರೆ. ನಗರದ ನಿವಾಸಿಗಳಿಗೂ ಹೊರಗಿನವರಿಗೂ ದರ ಬೇರೆಯಾದ್ದರಿಂದ ವಿಳಾಸದ ದಾಖಲೆಯನ್ನು ಜೊತೆಯಲ್ಲಿ ಒಯ್ಯಿರಿ. ಸಮಾರಂಭದಲ್ಲಿ ದೀಪ ಬೆಳಗುವುದಿದ್ದರೆ, ಒಲೆ ಬಳಸುವುದಿದ್ದರೆ, ಅದನ್ನು ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ಕೇಳಿಕೊಳ್ಳಿ. ಮೆಟ್ರೊ ನಿಲ್ದಾಣದಿಂದ ಭವನಕ್ಕೆ ನಡೆದು ಹೋಗುವುದು ದೂರವಾಗುತ್ತದೆ. ಬಸ್ಸು ಹಿಡಿಯುವುದು ಒಳ್ಳೆಯದು.

1937ರ ನವೆಂಬರಿನಲ್ಲಿ ಆರಂಭವಾದ ಊರಿನ ವಾರಪತ್ರಿಕೆ ಇಂದು ಗ್ರೀನ್‌ಬೆಲ್ಟ್ ನ್ಯೂಸ್ ರಿವ್ಯೂ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ಅದರ ಕಚೇರಿಯೂ ಇದೇ ಭವನದಲ್ಲಿದೆ. ಬಹುಪಾಲು ಸ್ವಯಂಸೇವಕರೇ ನಡೆಸುವ ಈ ಪತ್ರಿಕೆಗೆ ಬರೆಯುವವರೂ ಕರಡು ತಿದ್ದುವವರೂ ಬೇಕಾಗಿರುತ್ತಾರೆ. ಮೊದಲ ಸಲ ಒಬ್ಬರೇ ಹೋಗಲು ಸಂಕೋಚವಾದರೆ ತಿಳಿಸಿ. ನಾನು ಜೊತೆಯಲ್ಲಿ ಬರುತ್ತೇನೆ, ಶಿಲ್ಪಗಳ ಮುಂದೆ ಭೇಟಿಯಾಗೋಣ.